ಮೆತ್ತನೆಯ ಲೋಹವನ್ನು ಕೊಯ್ಯುವುದು ಸುಲಭವೇ?

ಮೆತ್ತನೆಯ ವಸ್ತುವನ್ನು ಕೊಯ್ಯುವುದು ಸುಲಭ, ಗಟ್ಟಿಯಾದುದನ್ನು ಕೊಯ್ಯುವುದು ಕಷ್ಟ ಎಂಬುದು ಲೋಕರೂಢಿಯ ಮಾತು. ಸೌತೆಕಾಯಿಯನ್ನೂ ಕೊಬ್ಬರಿಯನ್ನೂ ಹೆಚ್ಚಿ ನೋಡಿದವರು ಇದಕ್ಕೆ ಬೇರೆ ಪ್ರಮಾಣವನ್ನು ಕೇಳಲಾರರು. ಆದರೆ ಅದೇ ಅಡಿಗೆಮನೆಯಲ್ಲಿ ಬೆಲ್ಲವೂ ಇರುತ್ತದೆ. ಬೇಸಗೆಯಲ್ಲಿ ಒಣಗಿ ಗಟ್ಟಿಯಾದ ಬೆಲ್ಲದ ಅಚ್ಚು ಒಂದೇ ಏಟಿಗೆ ಚೂರಾಗಿ ಬೀಳುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಮೆತ್ತಗಾದ ಬೆಲ್ಲವಾದರೋ ಚಾಕುವಿನ ಅಲಗಿಗೇ ಮೆತ್ತಿಕೊಂಡು, ಮುಂದಿನ ಏಟಿಗೆ ಅಲಗೇ ಇಲ್ಲದಂತೆ ಮಾಡುತ್ತದೆ. ಕಬ್ಬಿನ ಸೀಮೆಯಾದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗರಗಸಕ್ಕೆ ಸಿಕ್ಕಿದ ಅಲ್ಯೂಮಿನಿಯಂ ವರ್ತಿಸುವುದು ಸೌತೆಕಾಯಿಯಂತೆ ಅಲ್ಲ, ಮಳೆಗಾಲದ ಬೆಲ್ಲದಂತೆ. ಈ ಸಣ್ಣ ಸಂಗತಿಯನ್ನು ಅಲಕ್ಷಿಸಿರುವುದರಿಂದ ನಮ್ಮ ಊರುಗಳ ಚಿಕ್ಕ ಕಾರ್ಯಾಗಾರಗಳಲ್ಲಿ ಎಷ್ಟೋ ಯುವಕರು ತಮ್ಮ ಬೆರಳನ್ನೂ ಕಣ್ಣನ್ನೂ ಕಿವಿಯನ್ನೂ ದಿನವೂ ಪಣಕ್ಕೆ ಒಡ್ಡುತ್ತಿದ್ದಾರೆ. ಅವರಿಗೆ ಕಾರಣವನ್ನು ತಿಳಿಸುವ ಹೊಣೆ ಭೌತವಿಜ್ಞಾನವನ್ನು ಓದುವ ಮತ್ತು ಓದಿಸುವ ನಮ್ಮ ಮೇಲಿದೆ ಎಂಬುದು ನನ್ನ ಅಭಿಪ್ರಾಯ.

ಧುಪದಾಳದಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಒಡ್ಡು ೧೮೯೭ರಷ್ಟು ಹಳೆಯದು. ಅದು ಕಲ್ಲುಕುಟಿಗರ ಕಾಲ. ಮನೆಗಳ ಬಾಗಿಲು ಕಿಟಕಿಗಳು ಆಗ ಬಡಗಿಯ ಕೈಯಿಂದ ಬರುತ್ತಿದ್ದವು. ಇಂದು ಅದೇ ಒಡ್ಡಿನ ಆಸುಪಾಸಿನಲ್ಲಿ ಹೊಸ ಮನೆ ಕಟ್ಟಿಸುವವನು ಸಾಗುವಾನಿಯ ಮಾತೆತ್ತುವುದು ಅಪರೂಪ. ಪಕ್ಕಕ್ಕೆ ಸರಿಯುವ ಅಲ್ಯೂಮಿನಿಯಂ ಕಿಟಕಿಯನ್ನೇ ಕೇಳುತ್ತಾನೆ. ಘಟಪ್ರಭಾ ನಿಲ್ದಾಣದ ಕಡೆಗಾಗಲಿ ಗೋಕಾಕದ ಕಡೆಗಾಗಲಿ ಹೋಗುವ ರಸ್ತೆಯಲ್ಲಿ ಇಂತಹ ಕಿಟಕಿಗಳನ್ನು ಮಾಡುವ ಒಂದೇ ಕೋಣೆಯ ಅಂಗಡಿಯನ್ನು ವಾಚಕರು ನೋಡಿಯೇ ಇರುತ್ತಾರೆ. ಗೋಡೆಗೆ ಒರಗಿಸಿದ ಉದ್ದುದ್ದ ಬೆಳ್ಳಿ ಬಣ್ಣದ ಪಟ್ಟಿಗಳು, ಬಾಗಿಲಲ್ಲೇ ಇಟ್ಟ ಒಂದು ವಿದ್ಯುತ್ ಗರಗಸ, ನೆಲದ ಮೇಲೆ ಮಿನುಗುವ ಸಿಪ್ಪೆಗಳ ರಾಶಿ. ದಾರಿಹೋಕರು ಕಿವಿ ಮುಚ್ಚಿಕೊಂಡು ಮುಂದೆ ಸಾಗುತ್ತಾರೆ. ಒಳಗೆ ನಿಂತವನಿಗೆ ಆ ಅನುಕೂಲವಿಲ್ಲ, ಅವನ ಎರಡು ಕೈಗಳೂ ಕೆಲಸದಲ್ಲಿರುತ್ತವೆ.

ಅಂಗಡಿಯವರು 'ಸೆಕ್ಷನ್' ಎಂದು ಕರೆಯುವ ಆ ಪಟ್ಟಿಗಳು ತಯಾರಾಗುವ ಕ್ರಮ ನಮ್ಮ ಶಾವಿಗೆ ಒರಳಿನದೇ. ಅಲ್ಯೂಮಿನಿಯಮಿನ ದಿಂಡನ್ನು ೪೫೦ರಿಂದ ೫೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಕರಗಿಸದೆ, ಬರಿಯ ಒತ್ತಡದಿಂದ ಉಕ್ಕಿನ ಅಚ್ಚಿನ ರಂಧ್ರದ ಮೂಲಕ ಹೊರಕ್ಕೆ ನೂಕುತ್ತಾರೆ. ರಂಧ್ರದ ಆಕಾರವೇ ಪಟ್ಟಿಯ ಆಕಾರ. ಕಿಟಕಿಗಳಿಗೆ ಹೆಚ್ಚಾಗಿ ಬಳಸುವುದು ೬೦೬೩ ಎಂಬ ಸಂಖ್ಯೆಯ ಮಿಶ್ರಲೋಹ. ಅದರಲ್ಲಿ ಮೆಗ್ನೀಸಿಯಂ, ಸಿಲಿಕಾನ್ ಎರಡೂ ಸೇರಿ ಶೇಕಡಾ ಒಂದರ ಸುಮಾರಿಗೆ ಇದ್ದು, ಉಳಿದುದು ಬಹುಪಾಲು ಅಲ್ಯೂಮಿನಿಯಮೇ ಆಗಿರುತ್ತದೆ. ಅಲ್ಯೂಮಿನಿಯಂ ಹೀಗೆ ಒರಳಿನಿಂದ ಶಾವಿಗೆಯಂತೆ ಇಳಿಯುವುದಕ್ಕೆ ಯಾವ ಗುಣ ಕಾರಣವೋ, ಗರಗಸದ ಹಲ್ಲಿಗೆ ಅಂಟಿಕೊಳ್ಳುವುದಕ್ಕೂ ಅದೇ ಗುಣ ಕಾರಣ. ಬಲ ಬಿದ್ದಾಗ ಅದು ಒಡೆಯುವುದಿಲ್ಲ, ಹರಿಯುತ್ತದೆ.

ಗರಗಸದ ಹಲ್ಲು ಲೋಹವನ್ನು ಸೀಳುವಾಗ ಆಗುವುದೇನೆಂದು ಸ್ವಲ್ಪ ವಿಚಾರಿಸೋಣ. ಅಲ್ಯೂಮಿನಿಯಮಿನ ಮೈಮೇಲೆ ಸದಾ ಆಕ್ಸೈಡಿನ ತೆಳುವಾದ ಪೊರೆಯೊಂದು ಇರುತ್ತದೆ. ಹಲ್ಲು ಆ ಪೊರೆಯನ್ನು ಹರಿದು ಒಳಗಿನ ಶುದ್ಧ ಲೋಹವನ್ನು ಬಯಲು ಮಾಡುತ್ತದೆ. ಹೊಸದಾಗಿ ತೆರೆದ ಈ ಮೈ, ಬಿಸಿ ಮತ್ತು ಒತ್ತಡಗಳಲ್ಲಿ, ಹಲ್ಲಿನ ತುದಿಗೆ ಬೆಸುಗೆ ಹಾಕಿದಂತೆ ಹತ್ತಿಕೊಳ್ಳುತ್ತದೆ. ಅದರ ಮೇಲೆ ಇನ್ನಷ್ಟು ಲೋಹ ಕೂಡುತ್ತದೆ. ಕ್ರಮೇಣ ಕೊಯ್ಯುವ ತುದಿ ಉಕ್ಕಿನದಾಗಿ ಉಳಿಯದೆ ಅಲ್ಯೂಮಿನಿಯಮಿನದೇ ಆದ ಮೊಂಡು ಗಡ್ಡೆಯಾಗುತ್ತದೆ. ಅಂಗಡಿಯಲ್ಲಿ ಅಲಗಿಗೆ ಮೇಣದ ತುಂಡನ್ನು ಒರಸುವ ವಾಡಿಕೆಯುಂಟು. ತಂಪು ಮಾಡುವುದು ಇದರ ಮುಖ್ಯ ಉದ್ದೇಶವಲ್ಲ. ಲೋಹ ಹಲ್ಲನ್ನು ನೇರವಾಗಿ ಮುಟ್ಟದಂತೆ ನಡುವೆ ಒಂದು ಪೊರೆಯನ್ನು ಹಾಸುವುದು ಅದರ ಕೆಲಸ. ಬೆಲ್ಲ ಕೊಯ್ಯುವ ಚಾಕುವಿಗೆ ಎಣ್ಣೆ ಸವರುವ ಗೃಹಿಣಿ ಇದನ್ನು ಎಂದೋ ಕಂಡುಕೊಂಡಿದ್ದಾಳೆ. ಕೆಲವರು ಮೇಣದ ಬದಲು ಸೀಮೆಎಣ್ಣೆಯನ್ನು ಸುರಿಯುತ್ತಾರೆ. ಅದು ಅಂಟನ್ನು ತಪ್ಪಿಸುವುದು ನಿಜವಾದರೂ, ಬೆಂಕಿ ಹತ್ತುವ ದ್ರವವನ್ನು ಕಿಡಿ ಹಾರುವ ಕೋಣೆಯಲ್ಲಿ ಬಳಸುವುದು ಜಾಣತನವೆನ್ನಿಸಲಾರದು.

ಇನ್ನೊಂದು ಮೋಸ ಶಾಖದ್ದು. ಕಬ್ಬಿಣವನ್ನು ಕೊಯ್ಯುವಾಗ ಕಿಡಿಗಳು ಹಾರುತ್ತವೆ, ಅಂಚು ಕೆಂಪಾಗುತ್ತದೆ. ಲೋಹವೇ 'ಎಚ್ಚರ' ಎಂದು ಹೇಳಿದಂತಾಗುತ್ತದೆ. ಅಲ್ಯೂಮಿನಿಯಂ ಏನನ್ನೂ ಹೇಳುವುದಿಲ್ಲ. ಶುದ್ಧ ಅಲ್ಯೂಮಿನಿಯಂ ಕರಗುವುದು ೬೬೦ ಡಿಗ್ರಿಯಲ್ಲಿ; ಹಗಲು ಬೆಳಕಿನಲ್ಲಿ ಕೆಂಪಗೆ ಕಾಣುವ ಮೊದಲೇ ಅದು ಕರಗಿಬಿಡುತ್ತದೆ, ಮತ್ತು ಅದಕ್ಕೂ ಬಹಳ ಮೊದಲೇ, ಇನ್ನೂರೈವತ್ತು ಡಿಗ್ರಿಯ ಹೊತ್ತಿಗೆ, ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಜೊತೆಗೆ ಈ ಲೋಹದಲ್ಲಿ ಶಾಖವು ಹರಡುವ ವೇಗ ಸಾಧಾರಣ ಉಕ್ಕಿನಲ್ಲಿ ಹರಡುವುದಕ್ಕಿಂತ ಐದಾರು ಪಾಲು ಹೆಚ್ಚು. ಆದಕಾರಣ ಕೊಯ್ದ ಜಾಗದ ಬಿಸಿ ಹಿಡಿದ ಕೈಗೆ ಬೇಗನೆ ತಲಪುತ್ತದೆ. ಕೈ ಸುಟ್ಟಾಗ ತುಂಡನ್ನು ಥಟ್ಟನೆ ಬಿಟ್ಟುಬಿಡುವುದು ಮನುಷ್ಯ ಸಹಜ. ಆಗ ಗರಗಸ ಇನ್ನೂ ತಿರುಗುತ್ತಿರುತ್ತದೆ ಎಂಬುದನ್ನು ನೆನಪಿಡಬೇಕು. ತುಂಡನ್ನು ಕೈಯಲ್ಲಿ ಹಿಡಿಯದೆ ಬಿಗಿಪಟ್ಟಿನಲ್ಲಿ ಬಂಧಿಸಬೇಕೆಂಬ ನಿಯಮಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಈಗ ನಮ್ಮ ಅಂಗಡಿಗಳಲ್ಲಿ ನಡೆಯುವ ತಪ್ಪುಗಳಲ್ಲಿ ಮೊದಲನೆಯದನ್ನು ನೋಡೋಣ. ಬೆಳಿಗ್ಗೆ ಉಕ್ಕಿನ ಗೇಟಿಗೆ ಕೊಳವೆ ಕೊಯ್ದ ಉಜ್ಜುಚಕ್ರದಲ್ಲೇ ಮಧ್ಯಾಹ್ನ ಅಲ್ಯೂಮಿನಿಯಮನ್ನೂ ಕೊಯ್ಯುತ್ತಾರೆ. ಆ ಚಕ್ರಕ್ಕೆ ಹಲ್ಲುಗಳಿಲ್ಲ, ಅಂಟಿನಲ್ಲಿ ಕೂಡಿಸಿದ ಗಟ್ಟಿ ಹರಳುಗಳಿರುತ್ತವೆ. ಸ್ವಾರಸ್ಯವೇನೆಂದರೆ, ಸಾಮಾನ್ಯವಾಗಿ ಆ ಹರಳುಗಳು ಅಲ್ಯೂಮಿನಿಯಮಿನ ಆಕ್ಸೈಡೇ, ಎಂದರೆ ಅಲ್ಯೂಮಿನಾ. ಬಾಕ್ಸೈಟಿನಿಂದ ಅಲ್ಯೂಮಿನಾವನ್ನು ಬೇರ್ಪಡಿಸುವ ಒಂದು ದೊಡ್ಡ ಕಾರ್ಖಾನೆ ನಮ್ಮ ಬೆಳಗಾವಿಯಲ್ಲೇ ಇದೆ. ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಸ್ಥಾಪಿಸಿದ ಅದನ್ನು ಈಗ ಹಿಂಡಾಲ್ಕೊ ನಡೆಸುತ್ತಿದೆ. ಉಕ್ಕನ್ನು ಲೀಲಾಜಾಲವಾಗಿ ಕೊಯ್ಯುವ ಈ ಆಕ್ಸೈಡು ತನ್ನ ತಾಯಿಲೋಹದ ಮುಂದೆ ಸೋಲುತ್ತದೆ. ಉಕ್ಕಿನ ಪುಡಿ ಉರಿದು ಕಿಡಿಯಾಗಿ ಹಾರಿಹೋಗುವುದರಿಂದ ಚಕ್ರದ ಮೈ ಚೊಕ್ಕಟವಾಗಿ ಉಳಿಯುತ್ತದೆ. ಅಲ್ಯೂಮಿನಿಯಮಾದರೋ ಹರಳುಗಳ ನಡುವಣ ಸಂದುಗಳಲ್ಲಿ ಜಿನುಗಿ ತುಂಬಿಕೊಂಡು ಚಕ್ರವನ್ನು ನುಣುಪಾದ ಹಲಗೆಯನ್ನಾಗಿ ಮಾಡುತ್ತದೆ. ಕೊಯ್ಯುವುದು ನಿಂತು ಉಜ್ಜುವುದು ಮಾತ್ರ ಉಳಿಯುತ್ತದೆ. ಕೆಲಸಗಾರನು 'ಇದೇಕೆ ಮುಂದುವರಿಯದು' ಎಂದು ಇನ್ನಷ್ಟು ಒತ್ತುತ್ತಾನೆ. ಒತ್ತಿದಷ್ಟೂ ಶಾಖ ಏರುತ್ತದೆ. ಬಿರುಕು ಬಿಟ್ಟ ಚಕ್ರವು ಸೆಕೆಂಡಿಗೆ ಎಪ್ಪತ್ತು ಮೀಟರು ವೇಗದಲ್ಲಿ ತಿರುಗುತ್ತಾ ಒಡೆದರೆ ಅದರ ಚೂರುಗಳು ಗಂಟೆಗೆ ೨೫೦ ಕಿಲೋಮೀಟರಿನಂತೆ ಹೊರಡುತ್ತವೆ. ಅವು ಯಾವ ದಿಕ್ಕಿಗೆ ಹೋಗುತ್ತವೆಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೇಳಬಲ್ಲ: ಸ್ಪರ್ಶರೇಖೆಯ ದಿಕ್ಕಿಗೆ. ಗರಗಸದ ಎದುರಿಗೆ ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕೆಂಬ ಮಾತು ಯಾರದೋ ಭಯದಿಂದ ಹುಟ್ಟಿದ್ದಲ್ಲ, ಇದೇ ರೇಖಾಗಣಿತದಿಂದ ಹುಟ್ಟಿದ್ದು.

ಎರಡನೆಯ ತಪ್ಪು ಇದಕ್ಕಿಂತಲೂ ಘೋರವಾದುದು. ಕೈಯಲ್ಲಿ ಹಿಡಿಯುವ ಉಜ್ಜುಯಂತ್ರದ ರಕ್ಷಕವನ್ನು ಕಳಚಿ, ಅದಕ್ಕೆ ಮರ ಕೊಯ್ಯುವ ಹಲ್ಲಿನ ಅಲಗನ್ನು ಸಿಕ್ಕಿಸುವುದು. ಮರದ ಅಲಗಿನ ಹಲ್ಲು ಮುಂದಕ್ಕೆ ಬಾಗಿರುತ್ತದೆ. ಮರದ ನಾರನ್ನು ಹಿಡಿದೆಳೆಯಲು ಅದು ಹಾಗೆಯೇ ಇರಬೇಕು. ಗೋಕಾಕದ ಹೆಸರುವಾಸಿ ಬಣ್ಣದ ಆಟಿಕೆಗಳ ಹಗುರ ಮರಕ್ಕೆ ಅಂತಹ ಹಲ್ಲು ಒಪ್ಪುತ್ತದೆ. ಅದೇ ಹಲ್ಲು ಒಂದೂವರೆ ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ಗೋಡೆಗೆ ತಗುಲಿದರೆ ಅದನ್ನು ಕೊಯ್ಯುವ ಬದಲು ಕೊಕ್ಕೆಯಂತೆ ಸಿಕ್ಕಿಸಿಕೊಂಡು ತನ್ನತ್ತ ಎಳೆದುಕೊಳ್ಳುತ್ತದೆ. ಪಟ್ಟಿ ಬಿಗಿಯಾಗಿದ್ದು ಯಂತ್ರ ಸಡಿಲವಾಗಿದ್ದರೆ, ಹಾರುವುದು ಯಂತ್ರ. ನ್ಯೂಟನನ ಮೂರನೆಯ ನಿಯಮ ಯಾರ ಮುಲಾಜನ್ನೂ ನೋಡುವುದಿಲ್ಲ. ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ತಿರುಗುವ ಯಂತ್ರವನ್ನು ಅಂತಹ ಕ್ಷಣದಲ್ಲಿ ಅಂಗೈಯ ಬಲದಿಂದ ತಡೆಯುವೆನೆಂಬುದು ಭ್ರಮೆ. ಈ ಒಂದು ಅಭ್ಯಾಸದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ.

ಅಲ್ಯೂಮಿನಿಯಮಿಗೆಂದೇ ಮಾಡಿದ ಅಲಗನ್ನು ಕೈಗೆತ್ತಿಕೊಂಡು ನೋಡಿದರೆ ಅದರ ಹಲ್ಲು ಹಿಂದಕ್ಕೆ, ಐದಾರು ಡಿಗ್ರಿಯಷ್ಟು, ಒರಗಿರುವುದು ಕಾಣುತ್ತದೆ. ಹೀಗೆ ಒರಗಿದ ಹಲ್ಲು ಪಟ್ಟಿಯನ್ನು ಮೇಲಕ್ಕೆ ಸೆಳೆಯದೆ ಮೇಜಿನ ಕಡೆಗೂ ಹಿಂಬದಿಯ ಆನಿಕೆಯ ಕಡೆಗೂ ಒತ್ತುತ್ತದೆ. ಹಲ್ಲಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಚೂರನ್ನು ಬೆಸೆದಿರುತ್ತಾರೆ. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ಈ ಪದಾರ್ಥ ಇಲ್ಲಿ ಏಕೆ ಬೇಕು? ಲೋಹ ಮೆತ್ತಗಿದ್ದರೂ ಅದರ ಹೊದಿಕೆ ಮೆತ್ತಗಿಲ್ಲ. ಕಿಟಕಿಯ ಪಟ್ಟಿಗಳಿಗೆ ಬಣ್ಣವೂ ಬಾಳಿಕೆಯೂ ಬರಲೆಂದು ವಿದ್ಯುದ್ವಿಭಜನೆಯಿಂದ ಹತ್ತು ಇಪ್ಪತ್ತು ಮೈಕ್ರಾನ್ ದಪ್ಪದ ಆಕ್ಸೈಡನ್ನು ಬೆಳೆಸಿರುವುದುಂಟು. ಕುರುಂದದ ಬಳಗಕ್ಕೆ ಸೇರಿದ ಆ ಪದರ ಸಾಧಾರಣ ಉಕ್ಕಿನ ಹಲ್ಲನ್ನು ಬೇಗ ಸವೆಸುತ್ತದೆ. ಬೆಣ್ಣೆಗೆ ಮರಳು ಮೆತ್ತಿದಂತೆ ಎನ್ನಬಹುದು.

ಮೂನ್ನೂರು ಮಿಲಿಮೀಟರು ವ್ಯಾಸದ, ನೂರು ಹಲ್ಲುಗಳ ಒಂದು ಅಲಗು ನಿಮಿಷಕ್ಕೆ ೩೦೦೦ ಸುತ್ತು ತಿರುಗುತ್ತದೆನ್ನಿ. ಸೆಕೆಂಡಿಗೆ ಐವತ್ತು ಸುತ್ತು. ಅಂಚಿನ ವೇಗ ಸೆಕೆಂಡಿಗೆ ೪೭ ಮೀಟರು. ಒಂದು ಬಿಂದುವಿನ ಮುಂದೆ ಸೆಕೆಂಡಿಗೆ ಹಾದುಹೋಗುವ ಹಲ್ಲುಗಳು ೫೦೦೦. ಕೈ ಅಲಗನ್ನು ಸೆಕೆಂಡಿಗೆ ೨೦ ಮಿಲಿಮೀಟರಿನಂತೆ ಇಳಿಸಿದರೆ ಒಂದೊಂದು ಹಲ್ಲಿನ ಪಾಲಿಗೆ ಬರುವುದು ೦.೦೦೪ ಮಿಲಿಮೀಟರು, ಎಂದರೆ ಕೂದಲೆಳೆಯ ದಪ್ಪದಲ್ಲಿ ಸುಮಾರು ಇಪ್ಪತ್ತನೆಯ ಒಂದು ಭಾಗ. ಅಂಜಿ ಅಂಜಿ ಇನ್ನೂ ನಿಧಾನವಾಗಿ ಇಳಿಸಿದರೆ ಹಲ್ಲಿಗೆ ಕಚ್ಚಲು ಏನೂ ಸಿಗದೆ ಅದು ಬರಿದೆ ತೀಡುತ್ತದೆ, ಶಾಖ ಹೆಚ್ಚುತ್ತದೆ, ಲೋಹ ಅಂಟುತ್ತದೆ. ಅವಸರ ಅಪಾಯವೆಂಬುದು ಸರಿ; ಇಲ್ಲಿ ಅಳುಕೂ ಒಂದು ಅಪಾಯ. ನುರಿತ ಕೆಲಸಗಾರನು ಈ ಹದವನ್ನು ಲೆಕ್ಕವಿಲ್ಲದೆಯೇ ಬಲ್ಲ. ಅಲಗಿನ ದನಿಯನ್ನು ಕೇಳಿಯೇ ಅದು ಕೊಯ್ಯುತ್ತಿದೆಯೋ ತೀಡುತ್ತಿದೆಯೋ ಹೇಳುತ್ತಾನೆ. ಆ ಬಲ್ಲವಿಕೆಯನ್ನು 'ಬರಿಯ ರೂಢಿ' ಎಂದು ತಳ್ಳಿಹಾಕುವ ಪದವೀಧರರ ಬಗೆಗೆ ನನಗೆ ಗೌರವವಿಲ್ಲ.

ಆದರೆ ಆ ದನಿಯೇ ಅವನ ಶತ್ರುವೂ ಹೌದು. ಸೆಕೆಂಡಿಗೆ ಐದು ಸಾವಿರ ಹಲ್ಲು ಬಡಿದರೆ ಹುಟ್ಟುವ ಸ್ವರದ ಆವೃತ್ತಿ ಐದು ಸಾವಿರ ಹರ್ಟ್ಸ್. ಟೊಳ್ಳಾದ ತೆಳು ಪಟ್ಟಿ ಗಂಟೆಯಂತೆ ಅದಕ್ಕೆ ದನಿಗೂಡಿಸುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಎರಡರಿಂದ ಐದು ಸಾವಿರ ಹರ್ಟ್ಸ್ ನಡುವೆ. ಗದ್ದಲದಿಂದ ಕಿವಿ ಕೆಡುವಾಗ ಮೊದಲು ಕೆಡುವುದು ನಾಲ್ಕು ಸಾವಿರದ ಆಸುಪಾಸಿನ ಶ್ರವಣಶಕ್ತಿ. ಕಿವಿಯನ್ನು ಕೆಡಿಸಬೇಕೆಂದೇ ಯಾರಾದರೂ ಯಂತ್ರವನ್ನು ರಚಿಸಿದ್ದರೂ ಇಷ್ಟು ಗುರಿಯಿಟ್ಟು ರಚಿಸುತ್ತಿದ್ದರೋ ಇಲ್ಲವೋ! ಇಂತಹ ಗರಗಸದ ಬಳಿ ನೂರು ಡೆಸಿಬೆಲ್ ಸದ್ದು ಸಾಮಾನ್ಯ. ದಿನಕ್ಕೆ ಎಂಟು ಗಂಟೆಗೆ ೮೫ ಡೆಸಿಬೆಲ್, ಮೇಲಿನ ಪ್ರತಿ ಮೂರು ಡೆಸಿಬೆಲ್‌ಗೆ ಅವಧಿ ಅರ್ಧ, ಎಂಬುದು ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನ ಸಂಸ್ಥೆಯ ಶಿಫಾರಸು. ಆ ಲೆಕ್ಕದಲ್ಲಿ ನೂರು ಡೆಸಿಬೆಲ್‌ಗೆ ದಕ್ಕುವುದು ಹದಿನೈದು ನಿಮಿಷ ಮಾತ್ರ. ಬೆರಳು ಹೋದರೆ ಊರಿಗೆಲ್ಲ ತಿಳಿಯುತ್ತದೆ. ಕಿವಿ ಹೋಗುವುದು ಹೋದವನಿಗೂ ತಿಳಿಯುವುದಿಲ್ಲ. ಮಾತಿನಲ್ಲಿ ಮೊದಲು ಮಸುಕಾಗುವುವು ಸ, ಶ ಮುಂತಾದ ಊಷ್ಮಾಕ್ಷರಗಳು. 'ಸಾಲು' ಎಂದುದು 'ಹಾಲು' ಎಂದು ಕೇಳಿಸಬಹುದು. ಜನರು ಗೊಣಗುತ್ತಾರೆಂದು ಅವನು ದೂರುತ್ತಾನೆ, ಅವನು ಲಕ್ಷ್ಯಗೊಡುವುದಿಲ್ಲವೆಂದು ಜನರು ದೂರುತ್ತಾರೆ. ಹೀಗೆ ಹೋದ ಶ್ರವಣ ಮರಳಿ ಬರುವುದಿಲ್ಲ. ಕಿವಿಗೆ ಸೇರಿಸುವ ಸ್ಪಂಜಿನ ಬಿರಡೆಯ ಬೆಲೆ ಒಂದು ಲೋಟ ಚಹಾದ ಬೆಲೆಗಿಂತ ಬಹಳ ಹೆಚ್ಚೇನಲ್ಲ.

ಪುಡಿಯ ಮಾತನ್ನೂ ಹೇಳಬೇಕು. ಹಲ್ಲಿನ ಗರಗಸದಿಂದ ಬೀಳುವ ಸಿಪ್ಪೆಯಿಂದ ಹೆದರಿಕೆಯಿಲ್ಲ. ಅದು ದಪ್ಪವಾದುದು, ಗುಜರಿಯಲ್ಲಿ ಬೆಲೆಯುಳ್ಳದ್ದು. ಉಜ್ಜಿದಾಗ ಬರುವ ನುಣ್ಣನೆಯ ಧೂಳು ಬೇರೆಯೇ ಜಾತಿ. ಗಾತ್ರ ಕುಗ್ಗಿದಂತೆ ತೂಕಕ್ಕೆ ಹೋಲಿಸಿದರೆ ಮೈವಿಸ್ತಾರ ಹಿಗ್ಗುವುದರಿಂದ, ಗಾಳಿಯಲ್ಲಿ ಎದ್ದ ಅಲ್ಯೂಮಿನಿಯಂ ಧೂಳು ಕಿಡಿ ತಗುಲಿದರೆ ಸ್ಫೋಟಿಸಬಲ್ಲದು. ಅದರೊಂದಿಗೆ ಕಬ್ಬಿಣದ ತುಕ್ಕೂ ಬೆರೆತರೆ ಅಂಗಡಿಯವನು ತಿಳಿಯದೆಯೇ ಥರ್ಮೈಟ್ ಮಿಶ್ರಣವನ್ನು ಕೂಡಿಹಾಕಿದಂತಾಯಿತು. ೧೮೯೫ರಲ್ಲಿ ಜರ್ಮನಿಯ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಈ ಮಿಶ್ರಣಕ್ಕೆ ಹಕ್ಕುಪತ್ರ ಪಡೆದನು. ಎರಡು ಸಾವಿರ ಡಿಗ್ರಿಯನ್ನು ಮೀರುವ ಅದರ ಉರಿಯಿಂದಲೇ ರೈಲು ಹಳಿಗಳನ್ನು ಬೆಸೆಯುತ್ತಾರೆ. ಇಂತಹ ಬೆಂಕಿಗೆ ನೀರು ಸುರಿಯಬಾರದು, ಒಣಮರಳನ್ನೇ ಹಾಕಬೇಕು. ನೀರು ಬಿಸಿ ಅಲ್ಯೂಮಿನಿಯಮಿನೊಡನೆ ಸೇರಿ ಜಲಜನಕವನ್ನು ಬಿಡುತ್ತದೆ. ಎರಡು ಲೋಹಗಳನ್ನು ಒಂದೇ ಚಕ್ರದಲ್ಲಿ ಉಜ್ಜಬಾರದೆನ್ನಲು ಇಷ್ಟು ಸಾಕು.

ಇವೆಲ್ಲಕ್ಕೂ ಕಾನೂನು ಇಲ್ಲವೇ ಎಂದು ವಾಚಕರು ಕೇಳಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಎದ್ದಾಗ ಯಂತ್ರಶಕ್ತಿಯೆಂಬುದು ಅಂತಹ ದೊಡ್ಡ ಕಟ್ಟಡಗಳ ಸೊತ್ತಾಗಿತ್ತು, ಗಿರಣಿಗಳಿಗೆ ತನಿಖಾಧಿಕಾರಿಗಳಿದ್ದರು. ೧೯೪೮ರ ಕಾರ್ಖಾನೆಗಳ ಕಾಯಿದೆಯು ತಿರುಗುವ ಯಂತ್ರಭಾಗಗಳಿಗೆ ರಕ್ಷಕಗಳನ್ನು ಕಡ್ಡಾಯಪಡಿಸಿತು. ಆದರೆ ವಿದ್ಯುಚ್ಛಕ್ತಿ ಬಳಸುವ ಸ್ಥಳವನ್ನು ಕಾರ್ಖಾನೆಯೆನ್ನಲು ಹತ್ತು ಮಂದಿ ಕೆಲಸಗಾರರು ಬೇಕೆಂದಿತು. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಸಂಹಿತೆಯಲ್ಲಿ ಆ ಸಂಖ್ಯೆ ಇಪ್ಪತ್ತಾಗಿದೆ. ಇಬ್ಬರು ಮೂವರು ದುಡಿಯುವ ಅಂಗಡಿ ಎರಡರ ಲೆಕ್ಕದಲ್ಲೂ ಕಾರ್ಖಾನೆಯಲ್ಲ. ಗಿರಣಿಯ ಶಕ್ತಿ ಒಂದು ತಂತಿಯ ಮೂಲಕ ಪ್ರತಿ ಅಂಗಡಿಗೂ ಬಂದಿದೆ, ಗಿರಣಿಯ ತನಿಖಾಧಿಕಾರಿ ಬಂದಿಲ್ಲ. ಅವನು ಬರಲೆಂದು ಕಾಯುತ್ತ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಗೋಡೆಗೆ ಅಂಟಿಸುವ 'ಎಚ್ಚರಿಕೆ' ಫಲಕದಲ್ಲಿಯೂ ಅಷ್ಟಾಗಿ ಇಲ್ಲ. ಕಾರಣ ತಿಳಿಯದ ನಿಯಮವು ಅವಸರದ ದಿನ ಮೊದಲು ಮುರಿಯುವ ನಿಯಮ. ರಕ್ಷಕವನ್ನು ಕಳಚುವವನು ಮೂರ್ಖನಲ್ಲ. ಕೆಲಸಕ್ಕೆ ಅಡ್ಡಿಯೆಂದು ಕಳಚುತ್ತಾನೆ. ಸ್ಪರ್ಶರೇಖೆಯ ಲೆಕ್ಕ ಅವನ ಬಳಿ ಇದ್ದಿದ್ದರೆ ಅಡ್ಡಿಯನ್ನು ಬೇರೆ ಬಗೆಯಲ್ಲಿ ನಿವಾರಿಸಿಕೊಳ್ಳುತ್ತಿದ್ದ.

ಒಳ್ಳೆಯ ಅಲಗು ದುಬಾರಿ ಎಂಬ ಆಕ್ಷೇಪಣೆ ನಿಜವಾದುದು, ಅದನ್ನು ಹಗುರವಾಗಿ ಕಾಣಲಾಗದು. ಕಾರ್ಬೈಡ್ ಅಲಗಿನ ಒಂದು ಬೆಲೆಗೆ ಉಜ್ಜುಚಕ್ರಗಳು ಹಲವಾರು ಬರುತ್ತವೆ. ಆದರೆ ಚಕ್ರ ಸವೆದು ಮುಗಿಯುತ್ತದೆ, ಅಲಗನ್ನು ಮತ್ತೆ ಮತ್ತೆ ಸಾಣೆ ಹಿಡಿಸಬಹುದು. ಚಕ್ರದ ಕೊಯ್ತಕ್ಕೆ ಅಂಚನ್ನು ಅರದಿಂದ ಉಜ್ಜುವ ಕೆಲಸ ಬೇರೆ ಇದೆ, ಅಲಗಿನ ಕೊಯ್ತಕ್ಕೆ ಅದು ಅಷ್ಟಾಗಿ ಬೇಕಿಲ್ಲ. ಅಂಗಡಿಯವನು ಈ ಲೆಕ್ಕವನ್ನು ಒಪ್ಪದಿದ್ದರೆ ಕೈಗರಗಸಕ್ಕೆ ಮರಳುವುದೂ ಅವಮಾನವಲ್ಲ. ಅಂಗುಲಕ್ಕೆ ೩೨ ಹಲ್ಲಿನ ಅಲಗನ್ನು ಆರಿಸಿ, ಕೊಯ್ಯುವ ಗೋಡೆಯ ದಪ್ಪದಲ್ಲಿ ಒಮ್ಮೆಗೆ ಮೂರು ಹಲ್ಲಾದರೂ ಇರುವಂತೆ ಗರಗಸವನ್ನು ಓರೆ ಹಿಡಿದರೆ ನಾಲ್ಕಾರು ಪಟ್ಟಿಗಳ ಕೆಲಸಕ್ಕೆ ಅದು ಸಾಕಷ್ಟು ಒಳ್ಳೆಯ ಸಾಧನ.

ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಸರಳ ಲೋಲಕವನ್ನು ತೂಗಿ, ಶ್ರುತಿಕವಲನ್ನು ಬಾರಿಸಿ, ಎಲ್ಲರಿಗೂ ಮೊದಲೇ ಗೊತ್ತಿರುವ ಉತ್ತರವನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಆವೃತ್ತಿಯ ಪಾಠಕ್ಕೆ ಗರಗಸದ ಸದ್ದಿಗಿಂತ ಉತ್ತಮವಾದ ಪ್ರಯೋಗ ನನಗೆ ತೋರದು. ಅಂಗಡಿಯ ಅಪ್ಪಣೆ ಪಡೆದು, ಅಲಗು ನಿಂತಿರುವಾಗ ಹಲ್ಲುಗಳನ್ನು ಎಣಿಸಿಕೊಳ್ಳಿ. ಅಲಗಿನ ಗರಿಷ್ಠ ವೇಗವನ್ನು ಅದರ ಮೈಮೇಲೆಯೂ ಮೋಟಾರಿನ ವೇಗವನ್ನು ಅದರ ಫಲಕದ ಮೇಲೆಯೂ ಕೆತ್ತಿರುತ್ತಾರೆ. ಎರಡನೆಯದು ಮೊದಲನೆಯದನ್ನು ಮೀರಿದ್ದರೆ ಅಲ್ಲಿಯೇ ಆ ಮಾತನ್ನು ಹೇಳಿಬಿಡಿ. ಆಮೇಲೆ ಕಿವಿಗೆ ಬಿರಡೆ ಹಾಕಿಕೊಂಡು, ಅಲಗಿನ ಸಮತಲದಿಂದ ಪಕ್ಕಕ್ಕೆ ಸರಿದು ದೂರ ನಿಂತು, ಆವೃತ್ತಿಯನ್ನು ತೋರಿಸುವ ಸೌಲಭ್ಯವುಳ್ಳ ಮೊಬೈಲಿನಲ್ಲಿ ಸದ್ದನ್ನು ಹಿಡಿಯಿರಿ. ಗುಣಾಕಾರದ ಉತ್ತರಕ್ಕಿಂತ ಮೊಬೈಲಿನ ಅಂಕಿ ತುಸು ಕಡಿಮೆ ಬಂದೀತು, ಲೋಹವನ್ನು ಕಚ್ಚಿದಾಗ ಮೋಟಾರು ನಿಧಾನಿಸುತ್ತದೆ. ಎಷ್ಟು ನಿಧಾನಿಸಿತೆಂಬುದನ್ನು ಆ ವ್ಯತ್ಯಾಸದಿಂದಲೇ ಲೆಕ್ಕ ಹಾಕಿ ಗರಗಸದ ಯಜಮಾನನಿಗೆ ತೋರಿಸಿರಿ, ಮತ್ತು ಹೊರಡುವಾಗ ಎರಡು ಜೊತೆ ಬಿರಡೆಗಳನ್ನು ಅಲ್ಲಿಯೇ ಬಿಟ್ಟು ಬನ್ನಿರಿ.